ವಾಹನದ ಕಾವಲು ಮತ್ತು ಶ್ರಾವಕಧರ್ಮ

ಕಾಲ ಬದಲಾದಂತೆ ಪರಿಗ್ರಹದ ವಸ್ತುಗಳು ಬದಲಾಗುತ್ತವೆ. ಪರಿಗ್ರಹದ ಸ್ವಭಾವ ಬದಲಾಗುವುದಿಲ್ಲ. ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯಾಗಿ ವಿಂಗಡಿಸುವ ಪ್ರಾಚೀನ ಪಟ್ಟಿಯೊಂದರಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಶಯನಾಸನ, ಕುಪ್ಯ, ಭಾಂಡಗಳೊಂದಿಗೆ ‘ಯಾನ’ವೂ ಸೇರಿದೆ. ಅಂದು ಯಾನವೆಂದರೆ ಬಂಡಿ, ರಥ, ಪಲ್ಲಕ್ಕಿ. ಇಂದು ತುಮಕೂರಿನ ಸಾಮಾನ್ಯ ಗೃಹಸ್ಥನಿಗೆ ಯಾನವೆಂದರೆ ಮನೆಯ ಮುಂದೆ ನಿಂತಿರುವ ಮೋಟಾರ್ ಸೈಕಲ್. ಅಂದು ಯಾನಕ್ಕೆ ಕಾವಲಿಗೆ ಆಳು ಇರುತ್ತಿದ್ದ, ಲಾಯದಲ್ಲಿ ಕುದುರೆ ಅಪರಿಚಿತನನ್ನು ಕಂಡು ಕೆನೆಯುತ್ತಿತ್ತು. ಟೀಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನ ಜನರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕಬ್ಬಿಣದ ಕುದುರೆಗೆ ಒಡೆಯನ ಗುರುತಿಲ್ಲ. ಕೀಲಿ ತಿರುಗಿಸಿದವನೇ ಅದಕ್ಕೆ ಒಡೆಯ.

ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ನೌಕರನು ತುಮಕೂರು ಅಥವಾ ಗುಬ್ಬಿಯ ನಿಲ್ದಾಣದ ಬಳಿ ಬಿಟ್ಟುಹೋದ ವಾಹನವನ್ನು ಮತ್ತೆ ಕಾಣುವುದು ರಾತ್ರಿಗೆ. ಬಿ.ಎಚ್. ರಸ್ತೆಯ ಅಂಗಡಿಯವನು ಹಗಲೆಲ್ಲ ಬೀದಿಯ ಬದಿಯಲ್ಲಿ ವಾಹನವನ್ನು ನಿಲ್ಲಿಸುತ್ತಾನೆ. ಕುಣಿಗಲ್ ಕಡೆಯ ಹಳ್ಳಿಯ ಹಾಲಿನವನಿಗೆ, ತರಕಾರಿ ಮಾರುವವನಿಗೆ ಅದೇ ಬಂಡಿ, ಅದೇ ಬಂಡವಾಳ. ಇನ್ನೂ ಸಾಲದ ಕಂತು ತೀರದಿರುವ ಇಂತಹ ವಾಹನವು ಒಂದು ರಾತ್ರಿ ಕಾಣೆಯಾದರೆ ಮನೆಯ ಲೆಕ್ಕವೇ ಏರುಪೇರಾಗುತ್ತದೆ. ಆದುದರಿಂದ ವಾಹನವನ್ನು ಕೊಂಡ ಮೇಲೆ, ಹೊರಗಿನ ಬಿಡಿಭಾಗಗಳ ಅಂಗಡಿಯಲ್ಲಿ ಕಳ್ಳತನದ ಎಚ್ಚರಿಕೆ ನೀಡುವ ಅಲಾರಂ ಒಂದನ್ನು ಕೊಂಡು ಜೋಡಿಸಿಕೊಳ್ಳುವುದು ಅನೇಕರ ರೂಢಿಯಾಗಿದೆ.

ಅಣುವ್ರತಗಳನ್ನು ಸ್ವೀಕರಿಸಿದ ಶ್ರಾವಕನು ಇದನ್ನು ಹೇಗೆ ನೋಡಬೇಕು? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಗೃಹಸ್ಥನ ವ್ರತಗಳು ಪರೀಕ್ಷೆಗೊಳಗಾಗುವುದು ಇಂತಹ ಸಣ್ಣ ಪ್ರಶ್ನೆಗಳಲ್ಲಿಯೇ.

ಸಾಧನದ ಸ್ವರೂಪ

ಮೊದಲು ಈ ಸಾಧನವು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿಯಬೇಕು. ಆಸನದ ಕೆಳಗೆ ಅಡಗಿಸಿಡುವ ಒಂದು ಪುಟ್ಟ ಪೆಟ್ಟಿಗೆ, ಒಂದು ಸೈರನ್, ಜೇಬಿನಲ್ಲಿಡುವ ರಿಮೋಟ್ - ಇಷ್ಟೇ ಇದರ ಅಂಗಗಳು. ಪೆಟ್ಟಿಗೆಗೆ ವಾಹನದ 12 ವೋಲ್ಟ್ ಬ್ಯಾಟರಿಯಿಂದ ವಿದ್ಯುತ್ತು ಬರುತ್ತದೆ. ಒಂದು ತಂತಿ ಇಗ್ನಿಷನ್ನಿಗೂ, ಎರಡು ತಂತಿಗಳು ಇಂಡಿಕೇಟರ್ ದೀಪಗಳಿಗೂ ಹೋಗುತ್ತವೆ. ಒಳಗೆ ಕಂಪನವನ್ನು ಗ್ರಹಿಸುವ ಭಾಗವಿರುತ್ತದೆ. ವಾಹನವನ್ನು ಯಾರಾದರೂ ಅಲುಗಿಸಿದರೆ ದೀಪಗಳು ಮಿನುಗುತ್ತವೆ, ಸೈರನ್ ಕೂಗುತ್ತದೆ. ಕೆಲವು ಮಾದರಿಗಳಲ್ಲಿ ಎಂಜಿನ್ ಚಾಲೂ ಆಗದಂತೆ ಇಗ್ನಿಷನ್ನನ್ನು ಕಡಿಯುವ ವ್ಯವಸ್ಥೆಯೂ ಉಂಟು.

ಈ ಸಾಧನಕ್ಕೆ ಕೈಯಿಲ್ಲ, ಕಾಲಿಲ್ಲ. ಅದು ಕಳ್ಳನನ್ನು ಹಿಡಿಯುವುದಿಲ್ಲ. ನಾಲ್ಕು ಜನ ಸೇರಿ ವಾಹನವನ್ನು ಎತ್ತಿ ಲಾರಿಗೆ ಹಾಕಿದರೆ ಅದು ಲಾರಿಯ ಮೇಲೆಯೂ ಕೂಗಬಲ್ಲದೇ ಹೊರತು ಇಳಿದು ಬರಲಾರದು. ಅದರ ಕೆಲಸ ಒಂದೇ: ನೆರೆಹೊರೆಯವರನ್ನು ಕರೆಯುವುದು. ಯಾರೂ ಬಾರದಿದ್ದಲ್ಲಿ ಅದು ಬರಿಯ ಸದ್ದು. ಸಂಶಯದಿಂದ ಹುಟ್ಟಿದ ಯಂತ್ರವು ಫಲ ಕೊಡುವುದು ವಿಶ್ವಾಸವಿರುವ ಕೇರಿಯಲ್ಲಿ ಮಾತ್ರ. ಮುಂದಿನ ವಿಚಾರವೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿದೆ.

ಕಾವಲಿನ ಪಕ್ಷ

ಕೆಲವರು ಹೇಳುವುದುಂಟು: ‘ಅಂತರಾಯ ಕರ್ಮದ ಉದಯವಿದ್ದರೆ ಹೋಗುವ ವಸ್ತು ಹೋಗಿಯೇ ಹೋಗುತ್ತದೆ, ಅಲಾರಂ ಏಕೆ?’ ಈ ಮಾತನ್ನಾಡುವವರು ರಾತ್ರಿ ಅಂಗಡಿಗೆ ಬೀಗ ಹಾಕದೆ ಬರುವುದಿಲ್ಲ. ಕರ್ಮಸಿದ್ಧಾಂತವು ಪುರುಷಾರ್ಥವನ್ನು ಬಿಡಲು ಹೇಳಿದ ನೆಪವಲ್ಲ. ಕೀಲಿಯನ್ನು ವಾಹನದಲ್ಲಿಯೇ ಬಿಟ್ಟು ಹೋಗುವುದು ವೈರಾಗ್ಯವಲ್ಲ, ಪ್ರಮಾದ. ಬಡತನದಲ್ಲೋ ದುಃಸಂಗದಲ್ಲೋ ಇರುವ ಹುಡುಗನೊಬ್ಬನ ಕಣ್ಣಿಗೆ ಆ ಕೀಲಿ ಬಿದ್ದರೆ, ಅವನ ಪತನಕ್ಕೆ ನಿಮಿತ್ತವಾದ ದೋಷವು ವಾಹನದ ಒಡೆಯನನ್ನು ಮುಟ್ಟದೆ ಇರದು. ಈ ದೃಷ್ಟಿಯಿಂದ ಕಾವಲು ಎಂಬುದು ತನ್ನ ವಸ್ತುವಿಗೆ ಮಾತ್ರವಲ್ಲ, ಕಳ್ಳನಾಗಬಹುದಾದವನಿಗೂ ಒಂದು ರಕ್ಷೆ.

ಆಚಾರ್ಯ ಅಮೃತಚಂದ್ರರು ತಮ್ಮ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಧನವನ್ನು ಮನುಷ್ಯನ ಹೊರಗೆ ಸಂಚರಿಸುವ ಪ್ರಾಣವೆಂದು ಬಗೆದು, ಪರರ ಧನವನ್ನು ಅಪಹರಿಸುವವನು ಪ್ರಾಣವನ್ನೇ ಅಪಹರಿಸುತ್ತಾನೆಂಬ ಅಭಿಪ್ರಾಯವನ್ನು ತಿಳಿಸಿದ್ದಾರೆ. ಚೌರ್ಯವು ಹಿಂಸೆಯ ಒಂದು ರೂಪವೆಂಬುದು ಅವರ ಇಂಗಿತ. ತರಕಾರಿ ಮಾರುವವನ ವಾಹನ ಕಳುವಾದ ಮರುದಿನ ಅವನ ಮನೆಯನ್ನು ನೋಡಿದವರಿಗೆ ಈ ಮಾತಿನ ಸತ್ಯ ಗೋಚರವಾಗುತ್ತದೆ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುವಾಗ, ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಸರ್ವಥಾ ತ್ಯಜಿಸಬೇಕೆಂದೂ ಆತ್ಮರಕ್ಷಣೆಯಲ್ಲಿ ಅನಿವಾರ್ಯವಾಗಿ ಒದಗುವ ವಿರೋಧಿ ಹಿಂಸೆಯಿಂದ ಪೂರ್ಣವಾಗಿ ಬಿಡುಗಡೆ ಪಡೆಯಲಾರನೆಂದೂ ಹೇಳಲಾಗಿದೆ. ದೊಣ್ಣೆ ಹಿಡಿದ ಕಾವಲಿಗಿಂತ ಕೂಗುವ ಯಂತ್ರದಲ್ಲಿ ಹಿಂಸೆ ಕಡಮೆ. ಬೆದರಿದ ಕಳ್ಳನು ಓಡಿಹೋದರೆ ವಾಹನವೂ ಉಳಿಯಿತು, ಕಳ್ಳನ ಮೈಯೂ ಉಳಿಯಿತು. ಆದುದರಿಂದ ಅಲಾರಂ ಜೋಡಿಸುವುದು ಸ್ವತಃ ದೋಷವೆಂದು ಹೇಳಲು ಆಧಾರವಿಲ್ಲ.

ರೌದ್ರಧ್ಯಾನದ ನಾಲ್ಕನೆಯ ಮುಖ

ಆದರೆ ವಿಚಾರ ಇಲ್ಲಿಗೆ ಮುಗಿಯುವುದಿಲ್ಲ. ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯದಲ್ಲಿ ರೌದ್ರಧ್ಯಾನಕ್ಕೆ ನಾಲ್ಕು ನಿಮಿತ್ತಗಳನ್ನು ಹೇಳಿದ್ದಾರೆ. ಹಿಂಸೆ, ಅಸತ್ಯ, ಚೌರ್ಯ - ಈ ಮೂರನ್ನು ಯಾರಾದರೂ ಊಹಿಸಬಲ್ಲರು. ನಾಲ್ಕನೆಯದು ವಿಷಯ ಸಂರಕ್ಷಣೆ, ಎಂದರೆ ತನ್ನ ಭೋಗವಸ್ತುಗಳನ್ನು ಕಾಯುವ ಚಿಂತೆ. ಕಳ್ಳನ ಮನಸ್ಸೂ, ಕಳ್ಳನಿಂದ ಕಾಯುವವನ ಮನಸ್ಸೂ ಒಂದೇ ಸೂತ್ರದಲ್ಲಿ ಸೇರಿವೆ! ಈ ಧ್ಯಾನವು ಅವಿರತನಿಗೆ ಮಾತ್ರವಲ್ಲ, ದೇಶವಿರತನಿಗೂ, ಅಂದರೆ ಅಣುವ್ರತ ಹೊತ್ತ ಶ್ರಾವಕನಿಗೂ ಸಂಭವಿಸುತ್ತದೆಂದು ಅವರು ಎಚ್ಚರಿಸಿದ್ದಾರೆ. ವಸ್ತುವನ್ನು ಕಾಯುವುದು ಬೇರೆ, ಕಾಯುವ ಚಿಂತೆಯಲ್ಲಿ ಮನಸ್ಸು ಕ್ರೂರವಾಗುವುದು ಬೇರೆ. ಪರಿಗ್ರಹವೆಂದರೆ ಮೂರ್ಛೆ, ಮಮತ್ವವೇ ಅದರ ಲಕ್ಷಣ ಎಂದು ಅವರು ಹೇಳಿರುವುದನ್ನು ಇದರೊಡನೆ ಇಟ್ಟು ನೋಡಬೇಕು.

ಈ ಮೂರ್ಛೆಯನ್ನು ಅಳೆಯುವುದು ಹೇಗೆ? ಅಲಾರಂ ತಾನೇ ಒಂದು ಅಳತೆಗೋಲಾಗಬಲ್ಲದು. ಬಸದಿಯೊಂದರಲ್ಲಿ ನಲವತ್ತು ಜನ ಶ್ರಾವಕರು ಸಾಮಾಯಿಕಕ್ಕೆ ಕುಳಿತಿದ್ದಾರೆ ಎಂದಿಟ್ಟುಕೊಳ್ಳೋಣ. ಅವರು ಸಂಕಲ್ಪಿಸಿರುವುದು ಒಂದು ಮುಹೂರ್ತ, ಎಂದರೆ 48 ನಿಮಿಷಗಳ ಸಮಭಾವ. ಹೊರಗೆ ಸಾಲಾಗಿ ನಿಂತ ವಾಹನಗಳಲ್ಲಿ ಒಂದು ಕೂಗಲಾರಂಭಿಸುತ್ತದೆ. ಕಣ್ಣು ಮುಚ್ಚಿಯೇ ಇರುತ್ತವೆ. ಆದರೆ ನಲವತ್ತು ಕೈಗಳು ಜೇಬಿನ ಕಡೆಗೆ ಹೋಗದಿದ್ದರೂ ನಲವತ್ತು ಮನಸ್ಸುಗಳು ಹೊರಗೆ ಓಡುತ್ತವೆ. ‘ನನ್ನದೇ?’ ಎಂದು ಕಿವಿ ಪರೀಕ್ಷಿಸುತ್ತದೆ. ನಿಮಿಷದಲ್ಲಿ ಮೂವತ್ತೊಂಬತ್ತು ಜನರಿಗೆ ತಿಳಿಯುತ್ತದೆ, ಅದು ತಮ್ಮ ವಾಹನದ ಸದ್ದಲ್ಲ. ‘ನನ್ನದಲ್ಲ’ ಎಂದು ಒಳಗೇ ಒಂದು ನೆಮ್ಮದಿ ಮೂಡುತ್ತದೆ. ಮತ್ತೆ ಮಂತ್ರ ಮುಂದುವರಿಯುತ್ತದೆ.

ವಿಚಾರಮಾಡಬೇಕಾದುದು ಆ ನೆಮ್ಮದಿಯನ್ನು. ‘ನನ್ನದೇ?’ ಎಂಬ ತಳಮಳದಲ್ಲಿ ಮೂರ್ಛೆ ಇದೆಯೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ‘ನನ್ನದಲ್ಲ’ ಎಂಬ ನೆಮ್ಮದಿಯಲ್ಲಿಯೂ ಅದೇ ಮೂರ್ಛೆ ಬೇರೆ ವೇಷದಲ್ಲಿದೆ. ಎಲ್ಲ ಪರವಸ್ತುವನ್ನೂ ‘ನನ್ನದಲ್ಲ’ ಎಂದು ಅರಿಯುವುದು ಭೇದವಿಜ್ಞಾನ. ಪಕ್ಕದವನ ವಸ್ತುವನ್ನು ಮಾತ್ರ ‘ನನ್ನದಲ್ಲ’ ಎಂದು ಕೈಬಿಡುವುದು ಉದಾಸೀನತೆ. ಎರಡಕ್ಕೂ ಪದ ಒಂದೇ, ಭಾವಕ್ಕೆ ಅಜಗಜಾಂತರ. ತನ್ನ ವಾಹನ ಕೂಗಿದಾಗ ನೆರೆಯವರು ಎದ್ದು ಬರಲೆಂದು ಬಯಸುವವನು, ನೆರೆಯವರ ವಾಹನ ಕೂಗಿದಾಗ ಮಗ್ಗುಲು ಬದಲಿಸಿ ಮಲಗಿದರೆ, ಅವನು ಠೇವಣಿ ಇಡದೆ ಬಡ್ಡಿ ಕೇಳುವವನಂತೆ ಆದನು.

ಸಾಮಾಯಿಕವನ್ನು ನಡುವೆ ಬಿಟ್ಟು ಎದ್ದು ಹೋಗಬೇಕೆಂದು ಇದರ ಅರ್ಥವಲ್ಲ. ಸಾಮಾಯಿಕಕ್ಕೆ ಕೂರದ ಒಬ್ಬ ಹಿರಿಯರೋ ಸೇವಾಕರ್ತರೋ ಹೊರಗೆ ವಾಹನಗಳ ಬಳಿ ಇರುವಂತೆ ಏರ್ಪಡಿಸಿಕೊಂಡರೆ ನಲವತ್ತು ಜನರ ಸಮಭಾವ ಉಳಿಯುತ್ತದೆ. ಅಂತಹ ಸೇವೆಯೂ ವೈಯಾವೃತ್ಯದ ಭಾವಕ್ಕೆ ಹತ್ತಿರವಾದುದೇ. ಬಸದಿಯ ಬಾಗಿಲಲ್ಲಿ ಅಲಾರಂ ಅನ್ನು ಆ ಹೊತ್ತಿಗೆ ಆರಿಸಿ, ಹ್ಯಾಂಡಲ್ ಲಾಕ್ ಮಾತ್ರ ಹಾಕಿ ಒಳಗೆ ಬರುವುದು ಕೂಡ ಒಂದು ಸಣ್ಣ ತ್ಯಾಗವಾಗುತ್ತದೆ.

ಕೆಡಿಸಿದ ನಿದ್ರೆ

ಕಂಪನವನ್ನು ಗ್ರಹಿಸುವ ಭಾಗಕ್ಕೆ ಕಳ್ಳನಾರು, ಬೆಕ್ಕು ಯಾವುದು ಎಂಬ ವಿವೇಕವಿಲ್ಲ. ರಾತ್ರಿ ಆಸನದ ಮೇಲೆ ಬೆಕ್ಕು ಹಾರಿದರೂ, ಬೀದಿನಾಯಿ ಮೈ ಒರಸಿದರೂ, ಭಾರದ ಲಾರಿ ಹಾದುಹೋಗಿ ನೆಲ ನಡುಗಿದರೂ ಅದು ಒಂದೇ ತೆರನಾಗಿ ಕೂಗುತ್ತದೆ. ಸೂಕ್ಷ್ಮತೆಯನ್ನು ಹೆಚ್ಚಿಗೆ ಇಟ್ಟಷ್ಟೂ ಸುಳ್ಳು ಕೂಗು ಹೆಚ್ಚು. ಸದ್ದಿಗೆ ಬೆದರಿದ ಮೂಕಪ್ರಾಣಿ ದಿಕ್ಕೆಟ್ಟು ಓಡುತ್ತದೆ. ರೋಗಿ, ಬಾಣಂತಿ, ಹಸುಗೂಸು, ಪರೀಕ್ಷೆಗೆ ಓದಿ ಮಲಗಿದ ವಿದ್ಯಾರ್ಥಿ - ಎಲ್ಲರೂ ಎಚ್ಚರಗೊಳ್ಳುತ್ತಾರೆ.

ಅಂಕಿಗಳಲ್ಲಿ ನೋಡಿದರೆ ಇದರ ತೂಕ ತಿಳಿಯುತ್ತದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್. ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಇರುವ ಸೈರನ್ನಿನ ಸದ್ದು ಬಯಲಿನಲ್ಲಿ 32 ಮೀಟರ್ ದೂರ ಹೋದ ಮೇಲೂ ಸುಮಾರು 80 ಡೆಸಿಬೆಲ್ ಉಳಿದಿರುತ್ತದೆ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು ಏರಿತೆಂದು ಲೆಕ್ಕ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮವು ಬಹುಸ್ವರದ ಹಾರ್ನನ್ನೂ, ಅತಿಯಾಗಿ ಕರ್ಕಶವಾದ ಹಾಗೂ ಬೆಚ್ಚಿಬೀಳಿಸುವ ಸದ್ದಿನ ಸಾಧನವನ್ನೂ ವಾಹನಕ್ಕೆ ಜೋಡಿಸಬಾರದೆಂದು ಹೇಳುತ್ತದೆ. ಆದುದರಿಂದ ‘ಅತ್ಯಂತ ಜೋರಾದುದು ಕೊಡಿ’ ಎಂದು ಅಂಗಡಿಯಲ್ಲಿ ಕೇಳುವುದು ವಿವೇಕವಲ್ಲ.

ಕೊಡದಿರುವುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂಬುದು ಶಾಸ್ತ್ರದ ಲಕ್ಷಣ. ನೆರೆಯವರು ತಮ್ಮ ನಿದ್ರೆಯನ್ನು ಯಾರಿಗೂ ಕೊಟ್ಟಿಲ್ಲ. ಹಾಗಾದರೆ ಕಳ್ಳತನವನ್ನು ತಡೆಯಲು ಕಟ್ಟಿದ ಯಂತ್ರವೇ ಕಳ್ಳತನ ಮಾಡಿತೆನ್ನಬಹುದೆ? ಕಟ್ಟುನಿಟ್ಟಾಗಿ ನೋಡಿದರೆ ಹಾಗೆನ್ನಲಾಗದು. ಕೆಡಿಸಿದ ನಿದ್ರೆ ಕೆಡಿಸಿದವನ ಕೈಗೇನೂ ಸೇರುವುದಿಲ್ಲ. ಇದನ್ನು ಸ್ತೇಯಕ್ಕಿಂತ ಅನರ್ಥದಂಡದಲ್ಲಿ ಸೇರಿಸುವುದು ಸರಿ. ಸಮಂತಭದ್ರ ಸ್ವಾಮಿಗಳು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆ ಒಂದು. ತನಗೂ ಲಾಭವಿಲ್ಲದೆ ಪರರಿಗೆ ಪೀಡೆಯಾಗುವಂತೆ ಅಜಾಗರೂಕತೆಯಿಂದ ನಡೆಯುವುದು ಅದರ ತಿರುಳು. ಸ್ತೇಯದಲ್ಲಿ ಒಬ್ಬನಿಗಾದರೂ ಲಾಭವುಂಟು. ಇಲ್ಲಿ ಯಾರಿಗೂ ಇಲ್ಲ.

ಇನ್ನೊಂದು ನಷ್ಟವೂ ಇದೆ. ವ್ಯಾಪಾರದಲ್ಲಿ ಹುಂಡಿಗೆ ಬೆಲೆ ಬರುವುದು ಬರೆದವನ ಹೆಸರಿನಿಂದ. ಎರಡು ಸಲ ಹುಂಡಿ ಹಿಂದಕ್ಕೆ ಬಂದರೆ ಮೂರನೆಯದನ್ನು ಯಾರೂ ಮುಟ್ಟುವುದಿಲ್ಲ. ಸುಳ್ಳು ಕೂಗಿದ ಅಲಾರಂ ಕೂಡ ಹಾಗೆಯೇ. ವಾರದಲ್ಲಿ ಮೂರು ರಾತ್ರಿ ವೃಥಾ ಕೂಗಿದ ವಾಹನವು ನಾಲ್ಕನೆಯ ರಾತ್ರಿ ನಿಜವಾಗಿ ಕೂಗಿದಾಗ ಕೇರಿಯವರು ಎದ್ದು ಬರುವುದಿಲ್ಲ. ಅಷ್ಟೇ ಆದರೆ ಒಡೆಯನ ಕರ್ಮವೆನ್ನಬಹುದಿತ್ತು. ಪಕ್ಕದ ಬಡವನ ವಾಹನ ಕೂಗಿದಾಗಲೂ ಅವರು ಏಳುವುದಿಲ್ಲ. ಒಬ್ಬನ ಅಜಾಗರೂಕತೆಯಿಂದ ಇಡೀ ಕೇರಿಯ ಕಿವಿ ಮೊಂಡಾಯಿತು.

ಕೂಗಿದ ಮೇಲೆ

ಅಲಾರಂ ನಿಜವಾಗಿಯೇ ಕೂಗಿತು, ಜನರೂ ಬಂದರು ಎಂದುಕೊಳ್ಳೋಣ. ಧರ್ಮದ ದೃಷ್ಟಿಯಲ್ಲಿ ಅತ್ಯಂತ ಕಠಿನವಾದ ಕ್ಷಣ ಅದು. ಗುಬ್ಬಿಯ ಸಂತೆಯ ಬೀದಿಯಲ್ಲಿ ಹುಡುಗನೊಬ್ಬನು ದಣಿದು ವಾಹನಕ್ಕೆ ಒರಗುತ್ತಾನೆ, ಸೈರನ್ ಕೂಗುತ್ತದೆ, ‘ಕಳ್ಳ’ ಎಂದು ಒಬ್ಬನು ಅನ್ನುತ್ತಾನೆ, ಹತ್ತು ಕೈಗಳು ಮೇಲೇಳುತ್ತವೆ. ಇಂತಹ ಸಂದರ್ಭವನ್ನು ಊಹಿಸುವುದು ಕಷ್ಟವಲ್ಲ. ಆ ಹೊತ್ತಿಗೆ ವಿಚಾರಣೆಯೂ ಇಲ್ಲ, ಸಾಕ್ಷಿಯೂ ಇಲ್ಲ.

ಇದು ಕಾಲ್ಪನಿಕ ಭಯವಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಡಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಅಂದು ಕೂಗಿದ್ದು ವಾಹನದ ಸೈರನ್ ಅಲ್ಲ, ಮೊಬೈಲಿನ ಸಂದೇಶ. ಆದರೆ ಅದೂ ಒಂದು ಎಚ್ಚರಿಕೆಯ ಗಂಟೆಯೇ, ಸುಳ್ಳು ಗಂಟೆ. ಎಚ್ಚರಿಸುವವನು ತನ್ನ ಎಚ್ಚರಿಕೆಯ ಪರಿಣಾಮಕ್ಕೆ ಹೊಣೆಯಲ್ಲವೆಂದು ಹೇಳಲಾಗದು.

ನೆಲದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲಿ ಸಾಮಾನ್ಯ ಕಳವಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ಹೇಳಿದೆ; ಆ ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಲಯದ್ದು. ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಿನ ಪ್ರಕಾರ, ಕಣ್ಣೆದುರಿನಲ್ಲಿ ಗಂಭೀರ ಅಪರಾಧವೆಸಗಿದವನನ್ನು ಸಾಮಾನ್ಯ ನಾಗರಿಕನು ಹಿಡಿದರೂ ಅನಗತ್ಯ ವಿಳಂಬವಿಲ್ಲದೆ, ಆರು ಗಂಟೆಗಳ ಒಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. 112ಕ್ಕೆ ಕರೆಮಾಡಿ ಪೊಲೀಸರನ್ನು ಕರೆಸುವುದೇ ದಾರಿ.

ಶ್ರಾವಕನಿಗೆ ಕಾನೂನಿಗಿಂತ ಹೆಚ್ಚಿನ ಹೊಣೆ ಇದೆ. ಅಲಾರಂ ಕಟ್ಟಿದವನು ಕೂಗನ್ನು ಕೇಳಿ ಓಡಿಬಂದಾಗ ಮೊದಲು ಮಾಡಬೇಕಾದುದು ವಾಹನವನ್ನು ನೋಡುವುದಲ್ಲ, ಸಿಕ್ಕಿಬಿದ್ದವನ ಮೈಯನ್ನು ಕಾಯುವುದು. ‘ವಾಹನ ನನ್ನದು, ಯಾರೂ ಕೈ ಮಾಡಬೇಡಿ’ ಎಂದು ಹೇಳಲು ಅವನೊಬ್ಬನಿಗೇ ಅಲ್ಲಿ ಅಧಿಕಾರವಿದೆ. ‘ನನ್ನದು’ ಎಂಬ ಮಾತು ಇಷ್ಟು ಸಾರ್ಥಕವಾಗುವ ಸಂದರ್ಭ ಗೃಹಸ್ಥನ ಬಾಳಿನಲ್ಲಿ ಮತ್ತೊಂದು ಬಾರದು. ಅಷ್ಟು ಧೈರ್ಯ ತನ್ನಲ್ಲಿಲ್ಲವೆಂದು ತೋರಿದವನು ಅಲಾರಂ ಬದಲಿಗೆ ಗಟ್ಟಿಯಾದ ಸರಪಳಿಯನ್ನು ಕೊಳ್ಳುವುದು ಮೇಲು. ಸರಪಳಿ ಯಾರನ್ನೂ ಕೂಗಿ ಕರೆಯುವುದಿಲ್ಲ.

ಕೊಳ್ಳುವವನ ಹೊಣೆ

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ. ಇವುಗಳಲ್ಲಿ ಎರಡನೆಯದಾದ ತದಾಹೃತಾದಾನವೆಂದರೆ ಕಳ್ಳನು ತಂದ ವಸ್ತುವನ್ನು ಕೊಳ್ಳುವುದು. ವಾಹನದ ಕಳ್ಳತನದ ವಿಚಾರದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ. ಕಳುವಾದ ಮೋಟಾರ್ ಸೈಕಲ್ ಕಳ್ಳನಿಗೆ ಸವಾರಿಗೆ ಬೇಕಾಗುವುದು ಅಪರೂಪ. ಅದನ್ನು ಬಿಚ್ಚಿ ಬಿಡಿಭಾಗಗಳಾಗಿ ಮಾರಬೇಕು, ಇಲ್ಲವೇ ಸುಳ್ಳು ಕಾಗದದೊಂದಿಗೆ ದಾಟಿಸಬೇಕು. ಕೊಳ್ಳುವವನೇ ಇಲ್ಲದಿದ್ದರೆ ಕದಿಯುವವನೂ ಇಲ್ಲ.

ಹೊಸ ಅಲಾರಂಗೆ ಸಾವಿರಾರು ರೂಪಾಯಿ ಕೊಟ್ಟು ಬಂದವನೇ, ಮುರಿದ ಕನ್ನಡಿಗೋ ಕಾರ್ಬುರೇಟರಿಗೋ ಗುಜರಿ ಅಂಗಡಿಗೆ ಹೋಗಿ, ಅರ್ಧ ಬೆಲೆಗೆ ಸಿಕ್ಕಿದ ವಸ್ತುವಿನ ಮೂಲವನ್ನು ಕೇಳದೆ ಬಿಲ್ಲಿಲ್ಲದೆ ಕೊಂಡು ತಂದರೆ, ಒಂದು ಕೈಯಿಂದ ಬಾಗಿಲು ಹಾಕಿ ಇನ್ನೊಂದು ಕೈಯಿಂದ ಕಿಟಕಿ ತೆರೆದಂತೆ. ಹಳೆಯ ವಾಹನವನ್ನು ಕೊಳ್ಳುವಾಗ ನೋಂದಣಿ ಪತ್ರದಲ್ಲಿರುವ ಚಾಸಿಸ್ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ವಾಹನದ ಮೇಲೆ ಕೆತ್ತಿರುವುದರೊಡನೆ ತಾಳೆ ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷ ಯಾವ ಸೈರನ್ನಿಗಿಂತಲೂ ಹೆಚ್ಚು ವಾಹನಗಳನ್ನು ಕಾಯುತ್ತದೆ, ಅದೂ ಸದ್ದಿಲ್ಲದೆ.

ದೇವದ್ರವ್ಯ ಮತ್ತು ಸ್ವದ್ರವ್ಯ

ಬಸದಿಗಳ ಆಡಳಿತ ಮಂಡಳಿಗಳಿಗೆ ಕಾವಲಿನ ಪ್ರಶ್ನೆ ಬೇರೆ ರೀತಿಯಲ್ಲಿ ಎದುರಾಗುತ್ತದೆ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ, ಒಂಬತ್ತನೆಯ ಶತಮಾನದ ಆದಿಭಾಗದ ರಾಷ್ಟ್ರಕೂಟ ತಾಮ್ರಶಾಸನವು, ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ ಪ್ರಾಂತವನ್ನು ಆಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ನಿವಾರಿಸಿದ ಅರ್ಕಕೀರ್ತಿ ಮುನಿಗಳಿಗೆ ಮೂರನೆಯ ಗೋವಿಂದನು ಜಿನಾಲಯಕ್ಕಾಗಿ ಜಾಲಮಂಗಲವೆಂಬ ಗ್ರಾಮವನ್ನು ದಾನವಿತ್ತನೆಂದು ತಿಳಿಸುತ್ತದೆ. ಹನ್ನೆರಡು ಶತಮಾನಗಳ ಹಿಂದೆಯೇ ಗುಬ್ಬಿ ಮತ್ತು ಕುಣಿಗಲ್ ಸೀಮೆಗಳು ಜಿನಧರ್ಮದ ದಾನದಿಂದ ಬೆಸೆದಿದ್ದುವು.

ಕನ್ನಡ ನಾಡಿನ ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪವಾಕ್ಯ ಇರುತ್ತದೆ. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗುವನೆಂಬ ಎಚ್ಚರಿಕೆ ಅದರಲ್ಲಿ ಬಹು ಪ್ರಸಿದ್ಧವಾದುದು. ಅದು ಆ ಕಾಲದ ಅಲಾರಂ ಎನ್ನಬಹುದು. ಆದರೆ ಒಂದು ಭೇದವನ್ನು ಗಮನಿಸಬೇಕು. ಶಾಪವಾಕ್ಯ ಕಾಯುತ್ತಿದ್ದುದು ರಾಜನ ಸ್ವಂತ ಭಂಡಾರವನ್ನಲ್ಲ, ಅವನು ಕೊಟ್ಟುಬಿಟ್ಟುದನ್ನು. ಕೊಟ್ಟುದನ್ನು ಕಾಯುವುದರಲ್ಲಿ ಮೂರ್ಛೆಗೆ ಅವಕಾಶ ಕಡಮೆ; ಇಟ್ಟುಕೊಂಡುದನ್ನು ಕಾಯುವುದರಲ್ಲಿ ಹೆಚ್ಚು.

2013ರ ಜುಲೈ ತಿಂಗಳಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದಾಗ ನಾಡಿನ ಸಮಾಜವೆಲ್ಲ ಮರುಗಿತು. ದೇವದ್ರವ್ಯದ ವಿಷಯದಲ್ಲಿ ಗಂಟೆ, ಕ್ಯಾಮರಾ, ಕಾವಲುಗಾರ ಎಲ್ಲವೂ ಕರ್ತವ್ಯ. ಅಲ್ಲಿ ಔದಾಸೀನ್ಯವೇ ದೋಷ. ಆದರೆ ಬಸದಿಗೆ ಬರುವ ಯಾತ್ರಿಕರ ವಾಹನಗಳೂ ಆ ಹೊತ್ತಿಗೆ ಬಸದಿಯ ನೆಲದಲ್ಲಿ ಇಟ್ಟ ನ್ಯಾಸದಂತೆಯೇ. ಮಂದರಗಿರಿಯ ತಪ್ಪಲಿನಲ್ಲಾಗಲಿ, ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಹೊಯ್ಸಳ ಕಾಲದ ಶಾಂತೀಶ್ವರ ಬಸದಿಯ ಬಳಿಯಾಗಲಿ, ಉತ್ಸವದ ದಿನ ಒಂದು ಬೆಳಕುಳ್ಳ ನಿಲುಗಡೆ, ಚೀಟಿ ಕೊಡುವ ಒಬ್ಬ ಕಾವಲುಗಾರ - ಇಷ್ಟಿದ್ದರೆ ನೂರು ಸೈರನ್ನುಗಳು ಬೇಕಾಗುವುದಿಲ್ಲ. ಆ ಕಾವಲುಗಾರನಿಗೆ ಕೊಡುವ ಕೂಲಿಯಿಂದ ಒಂದು ಸಂಸಾರಕ್ಕೂ ಆಧಾರವಾಯಿತು.

ಆಚರಣೆಗೆ ಕೆಲವು ಮಾತು

ಅಲಾರಂ ಜೋಡಿಸಲು ನಿಶ್ಚಯಿಸಿದವರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡುವುದು ಉಚಿತ. ತಂತಿಗಳನ್ನು ಕಡಿದು ಸೇರಿಸುವ ಕೆಲಸವನ್ನು ಅನುಭವವುಳ್ಳ ಆಟೋ ಎಲೆಕ್ಟ್ರಿಷಿಯನ್ನನಿಂದಲೇ ಮಾಡಿಸಬೇಕು. ಮಧ್ಯೆ ಫ್ಯೂಸ್ ಇರಲೇಬೇಕು. ಸಡಿಲವಾಗಿ ಸುತ್ತಿದ ತಂತಿ ಬಿಸಿಯಾಗಿ ಬೆಂಕಿ ಹತ್ತಬಹುದು. ಇಗ್ನಿಷನ್ ಕಡಿಯುವ ಭಾಗವನ್ನು ತಪ್ಪಾಗಿ ಜೋಡಿಸಿದರೆ ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ಎಂಜಿನ್ ನಿಂತು ಪ್ರಾಣಾಪಾಯವಾಗಬಹುದು. ರಿಮೋಟಿನಿಂದ ಎಂಜಿನ್ ಚಾಲೂ ಮಾಡುವ ಸೌಕರ್ಯವಿದ್ದರೆ ಅದನ್ನು ಬಳಸದಿರುವುದೇ ಲೇಸು. ಗೇರಿನಲ್ಲಿ ನಿಂತ ವಾಹನ ಮುಂದಕ್ಕೆ ನೆಗೆದರೆ ಎದುರಿಗಿದ್ದ ಮಗುವಿನ ಗತಿಯೇನು? ಹೊಸ ವಾಹನವಾದರೆ ಹೊರಗೆ ವೈರಿಂಗ್ ಬದಲಿಸಿದುದರಿಂದ ವಾರಂಟಿಗೆ ಬಾಧೆಯುಂಟೇ ಎಂದು ಮೊದಲೇ ವಿಚಾರಿಸಬೇಕು.

ಸೂಕ್ಷ್ಮತೆಯನ್ನು ತೀರ ಕೆಳಗಿನ ಮಟ್ಟದಲ್ಲಿಡಬೇಕು. ಮೊದಲ ಸ್ಪರ್ಶಕ್ಕೆ ಸಣ್ಣಗೆ ಎಚ್ಚರಿಸಿ, ಮತ್ತೆ ಮತ್ತೆ ಅಲುಗಿಸಿದಾಗ ಮಾತ್ರ ಕೂಗುವ, ಕೆಲವು ಸೆಕೆಂಡುಗಳಲ್ಲಿ ತಾನೇ ನಿಲ್ಲುವ ಮಾದರಿಯನ್ನು ಆರಿಸಬೇಕು. ಈ ಸಾಧನವು ನಿದ್ರಿಸುತ್ತಿರುವಾಗಲೂ ವಿದ್ಯುತ್ತನ್ನು ಉಣ್ಣುತ್ತದೆ. ಅದು 10 ಮಿಲಿಆಂಪಿಯರ್ ಎಳೆಯುತ್ತದೆಂದು ಹಿಡಿದರೆ ದಿನಕ್ಕೆ 0.24 ಆಂಪಿಯರ್-ಗಂಟೆ ವ್ಯಯ. 4 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು ಹದಿನೇಳು ದಿನಗಳಲ್ಲಿ ಬರಿದಾಗುತ್ತದೆ. ಸಮ್ಮೇದ ಶಿಖರಜಿಯ ಯಾತ್ರೆಗೆ ಹೊರಟ ಕುಟುಂಬವು ಅಲಾರಂ ಹಾಕಿ ಹೋದರೆ, ಮರಳಿ ಬಂದಾಗ ಕಳ್ಳನು ಮುಟ್ಟದ ವಾಹನವೂ ಚಾಲೂ ಆಗದು. ದೀರ್ಘ ಪ್ರವಾಸಕ್ಕೆ ಮುನ್ನ ಅದನ್ನು ಆರಿಸಿ, ವಾಹನವನ್ನು ಒಳಗಿಟ್ಟು, ನೆರೆಮನೆಯವರಿಗೆ ‘ಸ್ವಲ್ಪ ನೋಡಿಕೊಳ್ಳಿ’ ಎಂದು ಹೇಳಿ ಹೋಗುವುದೇ ಹಿಂದಿನವರ ಪದ್ಧತಿ. ಆ ಒಂದು ಮಾತು ಹೇಳುವಷ್ಟು ಬಾಂಧವ್ಯ ನೆರೆಯವರೊಡನೆ ಇರಬೇಕಷ್ಟೆ.

ಅಲಾರಂ ಜೋಡಿಸಿದ ದಿನವೇ ಅಕ್ಕಪಕ್ಕದ ಮನೆಗಳಿಗೆ ಹೋಗಿ ತಿಳಿಸುವುದು, ವೃಥಾ ಕೂಗಿದರೆ ಕರೆಯಲು ತನ್ನ ದೂರವಾಣಿ ಸಂಖ್ಯೆಯನ್ನು ಕೊಡುವುದು ಸೌಜನ್ಯ. ರಾತ್ರಿ ತನ್ನ ವಾಹನದಿಂದ ತೊಂದರೆಯಾದರೆ ಬೆಳಿಗ್ಗೆ ಹೋಗಿ ಕ್ಷಮೆ ಬೇಡಬೇಕು. ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ಎಲ್ಲ ಜೀವಗಳ ಕ್ಷಮೆ ಬೇಡುವವರಿಗೆ ಪಕ್ಕದ ಮನೆಯ ಬಾಗಿಲು ದೂರವಾಗಬಾರದು. ಕೊನೆಯದಾಗಿ, ಪರಿಗ್ರಹ ಪರಿಮಾಣದ ನಿಯಮವನ್ನು ತೆಗೆದುಕೊಳ್ಳುವ ದಿನ ಕ್ಷೇತ್ರ, ಸುವರ್ಣಗಳ ಜೊತೆಗೆ ಮನೆಯ ವಾಹನಗಳ ಸಂಖ್ಯೆಯನ್ನೂ ಬರೆದಿಡಬೇಕು. ಮೂವರಿರುವ ಮನೆಯಲ್ಲಿ ನಾಲ್ಕು ವಾಹನಗಳಿದ್ದರೆ ನಾಲ್ಕನೆಯದಕ್ಕೆ ಬೇಕಾದುದು ಅಲಾರಂ ಅಲ್ಲ, ಅಗತ್ಯವುಳ್ಳ ಮತ್ತೊಬ್ಬ ಒಡೆಯ.

ತುಮಕೂರಿಗೆ ಸಮೀಪದ ಮಂದರಗಿರಿಯ ತಪ್ಪಲಿನಲ್ಲಿ 81 ಅಡಿ ಎತ್ತರದ ಗುರುಮಂದಿರವನ್ನು ಪಿಂಛಿಯ ಆಕಾರದಲ್ಲಿ ಕಟ್ಟಲಾಗಿದೆ. ವಾಹನವನ್ನು ನಿಲ್ಲಿಸಿ, ಕೀಲಿ ತೆಗೆದು, ರಿಮೋಟ್ ಒತ್ತಿ ತಲೆಯೆತ್ತಿದವನಿಗೆ ಎದುರಿಗೆ ಕಾಣುವುದು ಅದೇ. ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛಿಯೂ ಒಂದು ರಕ್ಷಣೆಯ ಸಾಧನವೇ. ಆದರೆ ಅದು ತನ್ನ ವಸ್ತುವನ್ನು ಇತರರಿಂದ ಕಾಯುವುದಿಲ್ಲ; ಇತರ ಜೀವಗಳನ್ನು ತನ್ನಿಂದ ಕಾಯುತ್ತದೆ. ಗೃಹಸ್ಥನು ಒಮ್ಮೆಗೇ ಅಲ್ಲಿಗೆ ಏರಲಾರ. ಜೇಬಿನಲ್ಲಿ ರಿಮೋಟ್ ಇರಲಿ. ಅದನ್ನು ಒತ್ತುವಾಗಲೆಲ್ಲ, ತನ್ನ ವಸ್ತುವಿಗೆ ಪರರಿಂದ ಬರಬಹುದಾದ ಬಾಧೆಯೊಂದಿಗೆ, ತನ್ನ ವಸ್ತುವಿನಿಂದ ಪರರಿಗೆ ಆಗಬಹುದಾದ ಬಾಧೆಯೂ ನೆನಪಿಗೆ ಬಂದರೆ ಆ ಶ್ರಾವಕನ ಕಾವಲು ಧರ್ಮದೊಳಗೇ ಇದೆ ಎಂದು ಹೇಳಬಹುದು.